ವಸಂತದಲ್ಲಿ ಹೂ ಬಿಡುವ, ವರ್ಷಗಟ್ಟಲೆ ಬಾಳುವ ಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಮನೆತೋಟಗಳಿಗಾಗಿ ಬರೆದದ್ದು ಇದು. ಬೆಂಗಳೂರು, ಮೈಸೂರು ಕಡೆಯ ಅಂಗಳ, ತಾರಸಿ, ಬಾಲ್ಕನಿಗಳಿಗೆ ನೇರವಾಗಿ ಹೊಂದುತ್ತದೆ. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದವರು ಏನು ಬದಲಾಯಿಸಿಕೊಳ್ಳಬೇಕು ಅನ್ನೋದನ್ನು ಮುಂದೆ ಬೇರೆಯಾಗಿ ಹೇಳಿದೆ.

ನಮ್ಮಲ್ಲಿ ವಸಂತದ ಹೂವು ಅಂದರೆ ಯಾವ ತಿಂಗಳ ಹೂವು?

ಪಂಚಾಂಗದ ಪ್ರಕಾರ ಚೈತ್ರ, ವೈಶಾಖ. ಗಿಡಗಳ ಲೆಕ್ಕ ಸ್ವಲ್ಪ ಉದ್ದ. ಶಿವರಾತ್ರಿಯ ಹೊತ್ತಿಗೆ ಶುರುವಾಗಿ ಮೃಗಶಿರಾ ಮಳೆ ಹಿಡಿಯುವವರೆಗೆ ನಡೆಯುತ್ತದೆ.

ಈ ಅವಧಿಯಲ್ಲಿ ಮೂರು ಸರದಿಗಳಿವೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಒಣ ಬಿಸಿಲಿಗೆ ಅರಳುವವು ಮೊದಲ ಗುಂಪು: ಪೆಟ್ರಿಯಾ ಬಳ್ಳಿ, ಬೋಗನ್‌ವಿಲ್ಲಾ, ಬ್ರನ್‌ಫೆಲ್ಸಿಯಾ, ಅಮರಿಲ್ಲಿಸ್. ಯುಗಾದಿಯ ಆಸುಪಾಸಿನಿಂದ ಮಲ್ಲಿಗೆ, ಗಂಧರಾಜ, ದೇವಕಣಗಿಲೆ ಜೋರಾಗುತ್ತವೆ. ಅಶ್ವಿನಿ, ಭರಣಿ ಮಳೆ ನಾಲ್ಕು ಹನಿ ಬಿದ್ದ ಮೇಲೆ ಫುಟ್‌ಬಾಲ್ ಲಿಲ್ಲಿ, ರೈನ್ ಲಿಲ್ಲಿ, ಸೀತಾಳೆ ಅನ್ನುವ ಆರ್ಕಿಡ್ ಬರುತ್ತವೆ.

ಒಂದೊಂದು ಸರದಿಯಿಂದ ಒಂದಾದರೂ ಗಿಡ ಇದ್ದರೆ ನಾಲ್ಕು ತಿಂಗಳು ಮನೆಯಲ್ಲಿ ಹೂವಿರುತ್ತದೆ. ಇದೇನೂ ಹೊಸ ಯೋಚನೆಯಲ್ಲ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಇಲ್ಲಿನ ರಸ್ತೆಮರಗಳನ್ನು ಆರಿಸಿದರು. ಅದನ್ನೇ ನಾವು ಕುಂಡದಲ್ಲಿ ಮಾಡಬಹುದು.

ನರ್ಸರಿಯಲ್ಲಿ ಎಲ್ಲವೂ ಹೂ ಬಿಟ್ಟಿರುತ್ತೆ. ಮುಂದಿನ ವರ್ಷವೂ ಉಳಿಯೋದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಜನವರಿಯಲ್ಲಿ, ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ, ನರ್ಸರಿಗಳಲ್ಲಿ ಕಣ್ಣು ಕುಕ್ಕುವಂತೆ ಅರಳಿರುವವು ಹೆಚ್ಚಾಗಿ ಪೆಟೂನಿಯಾ, ಫ್ಲಾಕ್ಸ್, ಸಾಲ್ವಿಯಾ, ಚೆಂಡುಹೂವಿನಂಥವು. ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದಂತೆ ಇವು ಸೋಲುತ್ತವೆ. ತಪ್ಪು ನಿಮ್ಮದಲ್ಲ, ಅವುಗಳ ಆಯಸ್ಸೇ ಅಷ್ಟು.

ವರ್ಷವರ್ಷ ಬರುವ ಗಿಡಗಳನ್ನು ಬುಡ ನೋಡಿ ಗುರುತಿಸಬಹುದು. ಬುಡದಲ್ಲಿ ಕಾಂಡ ಕಟ್ಟಿಗೆಯಾಗಿದ್ದರೆ, ಇಲ್ಲವೇ ಮಣ್ಣೊಳಗೆ ಗೆಡ್ಡೆ ಇದ್ದರೆ ಬಹುಮಟ್ಟಿಗೆ ಅದು ಬಾಳುವ ಗಿಡ. ಅನುಮಾನ ಬಂದರೆ ನರ್ಸರಿಯವರನ್ನು ನೇರವಾಗಿ ಕೇಳಿ: "ಇದು ಮುಂದಿನ ವರ್ಷವೂ ಇರುತ್ತಾ?" "ಹೂ ಬರುತ್ತಾ?" ಅಂತ ಕೇಳಿದರೆ ಎಲ್ಲದಕ್ಕೂ ಬರುತ್ತೆ ಅಂತಲೇ ಹೇಳುತ್ತಾರೆ.

ಗೆಡ್ಡೆ ಗಿಡಗಳಲ್ಲಿ ಒಂದು ಎಚ್ಚರ. ಇವುಗಳಲ್ಲಿ ಕೆಲವು ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿಸಿಕೊಂಡು ಕಾಣೆಯಾಗುತ್ತವೆ. ಸತ್ತಿತು ಅಂದುಕೊಂಡು ಕುಂಡ ಖಾಲಿ ಮಾಡುವವರು ಬೇಕಾದಷ್ಟು ಜನ. ಕುಂಡದ ಮೇಲೆ ಹೆಸರು ಬರೆದಿಡಿ.

ಮೊದಲ ಸಲ ಬೆಳೆಸುವವರು ಯಾವುದರಿಂದ ಶುರು ಮಾಡಬೇಕು?

ಅಮರಿಲ್ಲಿಸ್, ದುಂಡುಮಲ್ಲಿಗೆ, ರೈನ್ ಲಿಲ್ಲಿ. ಈ ಮೂರೂ ಮರೆವನ್ನು ಕ್ಷಮಿಸುತ್ತವೆ. ಗಂಧರಾಜ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಮೊದಲ ಗಿಡವಾಗಿ ಬೇಡ.

ಮಲ್ಲಿಗೆಯಲ್ಲಿ ಯಾವುದು ತರಬೇಕು? ಹತ್ತು ಹೆಸರು ಹೇಳ್ತಾರೆ.

ವಸಂತಕ್ಕೆ, ಅದರಲ್ಲೂ ಕುಂಡಕ್ಕೆ, ದುಂಡುಮಲ್ಲಿಗೆಯೇ ಸರಿ. ಮಾರ್ಚ್‌ನಿಂದ ಜೂನ್‌ವರೆಗೆ ಅದರ ಸುಗ್ಗಿ. ಬಿಸಿಲು ಹೆಚ್ಚಿದಷ್ಟೂ ಮೊಗ್ಗು ಹೆಚ್ಚು.

ಏಳುಸುತ್ತಿನ ಮಲ್ಲಿಗೆ ನೋಡೋಕೆ ಪುಟ್ಟ ಗುಲಾಬಿಯಂತೆ. ದೇವರ ಫೋಟೋಕ್ಕೆ ಒಂದೇ ಹೂವು ಸಾಕು. ಆದರೆ ನಿಧಾನವಾಗಿ ಬೆಳೆಯುತ್ತದೆ, ಹೂವೂ ಕಡಿಮೆ. ಮುಡಿಯೋಕೆ ಮಾಲೆ ಕಟ್ಟಬೇಕು ಅನ್ನೋರಿಗೆ ಇದು ಆಗಿಬರುವುದಿಲ್ಲ.

ಜಾಜಿ ತಂದು ಏಪ್ರಿಲ್‌ನಲ್ಲಿ ಹೂವಿಗೆ ಕಾಯುವವರಿದ್ದಾರೆ. ಅದು ಮಳೆಗಾಲದ ಕಡೆಯ ಹೂವು. ಕಾಕಡ ಚಳಿಗಾಲದ್ದು. ಇವೆರಡೂ ಮನೆಯಲ್ಲಿರಲಿ, ಆದರೆ ವಸಂತದ ಪಟ್ಟಿಗೆ ಸೇರಿಸಬೇಡಿ.

ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಜಿಐ ಟ್ಯಾಗ್ ಇದೆ. ಅಂದರೆ ಆ ಹೆಸರು ಆ ಊರಿನ ಮಣ್ಣು, ಹವೆ, ಬೆಳೆಯುವ ಪದ್ಧತಿಗೆ ಅಂಟಿಕೊಂಡದ್ದು. ಉಡುಪಿ ಮಲ್ಲಿಗೆಯ ಊರಾದ ಶಂಕರಪುರದಿಂದ ಗಿಡ ತಂದು ಬೆಂಗಳೂರಿನ ಐದನೇ ಮಹಡಿಯಲ್ಲಿಟ್ಟರೆ ಹೂವು ಬರುತ್ತದೆ. ಅಲ್ಲಿ ಅಟ್ಟೆ, ಚೆಂಡಿನ ಲೆಕ್ಕದಲ್ಲಿ ಮಾರುವ ಹೂವಿನ ಗುಣ ಪೂರ್ತಿ ಬರುತ್ತದೆ ಅಂತ ಕಾಯಬೇಡಿ. ನಿಮ್ಮ ಬೀದಿಯಲ್ಲೇ ಚೆನ್ನಾಗಿ ಹೂ ಬಿಡುವ ಮನೆ ಇದ್ದರೆ ಅಲ್ಲಿಂದ ಒಂದು ಕಡ್ಡಿ ಕೇಳಿ ತಂದುಕೊಳ್ಳಿ. ನಿಮ್ಮ ಹವೆಗೆ ಒಗ್ಗಿದ ಗಿಡ ಅದು, ಬಿಟ್ಟಿಯಾಗಿಯೂ ಸಿಗುತ್ತೆ.

ನಮ್ಮ ಮಲ್ಲಿಗೆ ಹಸಿರಾಗಿ, ಪೊದೆಯಾಗಿ ಬೆಳೆದಿದೆ. ಆದರೆ ಮೊಗ್ಗೇ ಇಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಮಾರ್ಚ್ ತಿಂಗಳಲ್ಲಿ ಇಲ್ಲ, ನವೆಂಬರ್‌ನಲ್ಲಿದೆ.

ವಸಂತದಲ್ಲಿ ಹೂ ಬಿಡುವ ಬಹುತೇಕ ಗಿಡಗಳಿಗೆ ಅದಕ್ಕೂ ಮುಂಚೆ ಒಂದು ವಿರಾಮ ಬೇಕು. ಬಯಲಲ್ಲಿ ಬೆಳೆದರೆ ಮಳೆ ನಿಂತು, ಚಳಿ ಬಂದು ತಾನಾಗಿಯೇ ಅದು ಸಿಗುತ್ತದೆ. ಮನೆಯ ಕುಂಡಕ್ಕೆ ನಾವು ದೀಪಾವಳಿ, ಸಂಕ್ರಾಂತಿ ನೋಡದೆ ದಿನಾ ಒಂದು ಚೊಂಬು ನೀರು ಸುರಿಯುತ್ತೇವೆ. ಗಿಡಕ್ಕೆ ಎಲೆ ಬಿಡುವುದನ್ನು ನಿಲ್ಲಿಸಲು ಕಾರಣವೇ ಇಲ್ಲ.

ಹೀಗೆ ಮಾಡಿ. ನವೆಂಬರ್ ಕೊನೆಯಿಂದ ನೀರು ಕಡಿಮೆ ಮಾಡಿ, ಮಣ್ಣು ಒಣಗಲು ಬಿಡಿ. ಡಿಸೆಂಬರ್ ಹೊತ್ತಿಗೆ ಗಿಡವನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಕತ್ತರಿಸಿ. ಒಣಗಿದ, ಸೊರಗಿದ, ಒಳಗೊಳಗೇ ಹೆಣೆದುಕೊಂಡ ಕಡ್ಡಿಗಳನ್ನೆಲ್ಲ ತೆಗೆಯಿರಿ. ಉಳಿದ ಹಳೆ ಎಲೆಗಳನ್ನೂ ಕಿತ್ತುಹಾಕಿ. ಗಿಡ ಬೋಳಾಗಿ ಕಾಣುತ್ತೆ. ಮನೆಯಲ್ಲಿ ಹಿರಿಯರಿದ್ದರೆ ಬೈಸಿಕೊಳ್ಳುವುದೂ ಉಂಟು. ಪರವಾಗಿಲ್ಲ.

ಆಮೇಲೆ ಬುಡದ ಮಣ್ಣು ಸಡಿಲ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ ಕೊಟ್ಟು, ಮತ್ತೆ ನೀರು ಶುರು ಮಾಡಿ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಸಿದರೆ ಚಿಗುರು ಜಾಸ್ತಿ, ಚಿಗುರು ಜಾಸ್ತಿಯಾದರೆ ಮೊಗ್ಗೂ ಜಾಸ್ತಿ. ಒಂದು ಸುತ್ತು ಹೂವು ಮುಗಿದ ಮೇಲೆ ಆ ತುದಿಗಳನ್ನು ಚಿವುಟಿದರೆ ಇನ್ನೊಂದು ಸುತ್ತು ಬರುತ್ತದೆ.

ಇದೆಲ್ಲ ಮಾಡಿಯೂ ಬರದಿದ್ದರೆ ಎರಡೇ ಅನುಮಾನ. ಒಂದು, ಬಿಸಿಲು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿಲ್ಲದ ಕಡೆ ಮಲ್ಲಿಗೆ ಎಲೆಯ ಗಿಡವಾಗಿಯೇ ಉಳಿಯುತ್ತದೆ. ಎರಡು, ಯೂರಿಯಾ. ಬೇಗ ಬೆಳೆಯಲಿ ಅಂತ ಹಾಕಿದ ಯೂರಿಯಾ ಎಲೆಗೆ ಹೋಗುತ್ತದೆ, ಹೂವಿಗೆ ಅಲ್ಲ. ಅದರ ಬದಲು ನೆನೆಸಿಟ್ಟ ಕಡ್ಲೆಕಾಯಿ ಹಿಂಡಿಯನ್ನು ತೆಳ್ಳಗೆ ಮಾಡಿ ಹದಿನೈದು ದಿನಕ್ಕೊಮ್ಮೆ ಕೊಡಿ. ಎರಡು ದಿನ ವಾಸನೆ ಇರುತ್ತೆ. ಅಪಾರ್ಟ್‌ಮೆಂಟಿನಲ್ಲಿರೋರು ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಹಾಗಾದರೆ ಎಲ್ಲ ಗಿಡವನ್ನೂ ಡಿಸೆಂಬರ್‌ನಲ್ಲಿ ಕತ್ತರಿಸಬಹುದಾ?

ಬೇಡವೇ ಬೇಡ. ಪೆಟ್ರಿಯಾ, ಬ್ರನ್‌ಫೆಲ್ಸಿಯಾದಂಥವು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ ಹೂ ಬಿಡುತ್ತವೆ. ಡಿಸೆಂಬರ್‌ನಲ್ಲಿ ಕತ್ತರಿ ಹಾಕಿದರೆ ಆ ವರ್ಷದ ಹೂವೇ ಹೋಯಿತು. ಇವನ್ನು ಹೂವು ಮುಗಿದ ಕೂಡಲೇ, ಏಪ್ರಿಲ್–ಮೇನಲ್ಲಿ ಸವರಿ. ದೇವಕಣಗಿಲೆಗೆ ಕತ್ತರಿಯ ಅಗತ್ಯವೇ ಇಲ್ಲ.

ಅಮರಿಲ್ಲಿಸ್ ತಂದ ವರ್ಷ ಹೂ ಬಿಟ್ಟಿತು. ಆಮೇಲೆ ಬರೀ ಎಲೆ.

ಇದೂ ಅದೇ ಕಥೆ. ದಕ್ಷಿಣ ಅಮೆರಿಕದಿಂದ ಬಂದ ಗೆಡ್ಡೆ ಇದು. ಹೂವು ಮುಗಿದ ಮೇಲೆ ದಂಟು ಕತ್ತರಿಸಿ, ಎಲೆ ಮಾತ್ರ ಮುಟ್ಟಬೇಡಿ. ಮಳೆಗಾಲವಿಡೀ ಆ ಎಲೆಗಳು ಗೆಡ್ಡೆಗೆ ಊಟ ಕೂಡಿಡುತ್ತವೆ. ನವೆಂಬರ್‌ನಲ್ಲಿ ನೀರು ನಿಲ್ಲಿಸಿ. ಎಲೆ ಹಳದಿಯಾಗಿ ಒಣಗಲಿ. ಕುಂಡವನ್ನು ಮಳೆ ತಾಗದ ಮೂಲೆಗೆ ಸರಿಸಿ ಎರಡು ತಿಂಗಳು ಮರೆತುಬಿಡಿ. ಫೆಬ್ರವರಿ ಮೊದಲಲ್ಲಿ ಬಿಸಿಲಿಗೆ ತಂದು ನೀರು ಕೊಟ್ಟರೆ ಎಷ್ಟೋ ಸಲ ಎಲೆಗಿಂತ ಮುಂಚೆ ಹೂವಿನ ದಂಟೇ ಮೂಗು ತೂರಿಸುತ್ತದೆ.

ಗೆಡ್ಡೆಯನ್ನು ಪೂರ್ತಿ ಹೂಳಬೇಡಿ. ಕುತ್ತಿಗೆ ಮಣ್ಣಿನ ಮೇಲಿರಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ದೊಡ್ಡ ಕುಂಡವೂ ಬೇಡ, ಇಕ್ಕಟ್ಟಿನಲ್ಲೇ ಇದು ಸುಖವಾಗಿರುತ್ತದೆ. ಪಕ್ಕದಲ್ಲಿ ಹುಟ್ಟುವ ಮರಿಗೆಡ್ಡೆಗಳು ಹೂ ಬಿಡೋಕೆ ಎರಡು ಮೂರು ವರ್ಷ ಬೇಕು. ಅಲ್ಲಿವರೆಗೆ ಅವು ಬರೀ ಎಲೆಯೇ.

ಫುಟ್‌ಬಾಲ್ ಲಿಲ್ಲಿಗೂ ಹೆಚ್ಚುಕಮ್ಮಿ ಇದೇ ಕ್ರಮ. ಇದು ಆಫ್ರಿಕಾದ್ದು. ಆದರೆ ನಮ್ಮ ಹಳೇ ಮನೆಗಳ ಅಂಗಳದಲ್ಲಿ ಎಷ್ಟು ಬೆರೆತುಹೋಗಿದೆ ಅಂದರೆ ಹೊರಗಿನದ್ದು ಅಂದರೆ ಯಾರೂ ನಂಬುವುದಿಲ್ಲ. ಭರಣಿ ಮಳೆ ಬಿದ್ದ ವಾರದಲ್ಲಿ ಬರಿ ನೆಲದಿಂದ ಕೆಂಪು ಚೆಂಡೊಂದು ಏಳುತ್ತದೆ. ವಾರ, ಹತ್ತು ದಿನ ಇರುತ್ತದೆ, ಅಷ್ಟೇ. ಪದೇ ಪದೇ ಕಿತ್ತು ಜಾಗ ಬದಲಾಯಿಸಿದರೆ ಮುನಿಸಿಕೊಂಡು ಹೂವು ನಿಲ್ಲಿಸುತ್ತದೆ.

ಬಾಲ್ಕನಿಗೆ ಬಿಸಿಲು ಕಡಿಮೆ. ಏನಾದರೂ ಇದೆಯಾ?

ಪೂರ್ವದ ಬಾಲ್ಕನಿ, ಬೆಳಗ್ಗೆ ಎರಡು ಮೂರು ಗಂಟೆ ಬಿಸಿಲು ಅಂದರೆ ಬ್ರನ್‌ಫೆಲ್ಸಿಯಾ ತನ್ನಿ. ನೇರಳೆಯಾಗಿ ಅರಳಿ, ಮರುದಿನ ತಿಳಿ ನೇರಳೆಯಾಗಿ, ಆಮೇಲೆ ಬಿಳಿಯಾಗುತ್ತದೆ. ಒಂದೇ ಗಿಡದಲ್ಲಿ ಮೂರು ಬಣ್ಣ. 'ನಿನ್ನೆ ಇಂದು ನಾಳೆ' ಅಂತಲೂ ಮಾರುತ್ತಾರೆ. ಮಧ್ಯಾಹ್ನದ ಬಿಸಿಲು ಇದಕ್ಕೆ ಬೇಡವೇ ಬೇಡ.

ನೇರ ಬಿಸಿಲೇ ಇಲ್ಲ, ಬೆಳಕು ಮಾತ್ರ ಇದೆ ಅಂದರೆ ಫುಟ್‌ಬಾಲ್ ಲಿಲ್ಲಿ, ಪೀಸ್ ಲಿಲ್ಲಿ. ಅಲ್ಲಿ ಮಲ್ಲಿಗೆ, ಬೋಗನ್‌ವಿಲ್ಲಾ ಇಟ್ಟು ದುಡ್ಡು ಕಳೆಯಬೇಡಿ.

ಗೇಟಿನ ಮೇಲೆ ಹಬ್ಬಿಸೋಕೆ ಬಳ್ಳಿ ಬೇಕು. ಬೋಗನ್‌ವಿಲ್ಲಾ ಬಿಟ್ಟು ಬೇರೇನಿದೆ?

ಪೆಟ್ರಿಯಾ. ಇದನ್ನು ಹೆಚ್ಚು ಜನ ನೆಡದಿರುವುದೇ ನನಗೆ ಬೇಸರ. ಫೆಬ್ರವರಿ–ಮಾರ್ಚ್‌ನಲ್ಲಿ ಬಳ್ಳಿ ಪೂರ್ತಿ ನೇರಳೆ ಗೊಂಚಲು ಜೋತುಬೀಳುತ್ತವೆ. ನಡುವಿನ ಗಾಢ ಬಣ್ಣದ ಹೂವು ಕೆಲವೇ ದಿನದಲ್ಲಿ ಉದುರುತ್ತದೆ. ಅದರ ಹಿಂದಿನ ನಕ್ಷತ್ರದಂಥ ತಿಳಿ ನೇರಳೆ ಪುಷ್ಪಪಾತ್ರೆ ವಾರಗಟ್ಟಲೆ ಉಳಿಯುತ್ತದೆ, ಹಾಗಾಗಿ ಹಬ್ಬ ಮುಗಿದಂತೆ ಅನ್ನಿಸುವುದಿಲ್ಲ. ಎಲೆ ಉಪ್ಪುಕಾಗದದಂತೆ ಒರಟು. ಮುಳ್ಳಿಲ್ಲ. ಒಂದೇ ಕೊರತೆ, ಮೊದಲ ಎರಡು ವರ್ಷ ತುಂಬಾ ನಿಧಾನ. ಕಾಯುವ ತಾಳ್ಮೆ ಇಲ್ಲದವರು ಅರ್ಧ ಬೆಳೆದ ಗಿಡವನ್ನೇ ಕೊಳ್ಳಿ.

ಬೋಗನ್‌ವಿಲ್ಲಾ ಇದ್ದರೆ ಅದಕ್ಕೂ ಒಂದು ಮಾತು. ಬಣ್ಣ ಕಾಣಿಸುವುದು ಹೂವಲ್ಲ, ಹೂವಿನ ಸುತ್ತಲಿನ ಎಲೆ. ನೀರು ಕಡಿಮೆಯಾದಷ್ಟೂ ಬಣ್ಣ ಜೋರು. ತುಂಬಾ ಅಕ್ಕರೆ ಮಾಡಿದರೆ ಮುಳ್ಳು, ಎಲೆ ಎರಡೇ ಗತಿ.

ಗಂಧರಾಜದ ಎಲೆ ಹಳದಿಯಾಗ್ತಿದೆ, ಮೊಗ್ಗು ಅರಳುವ ಮೊದಲೇ ಉದುರ್ತಿದೆ.

ಮೊದಲು ನೀರು ಯಾವುದು ನೋಡಿ. ಬೋರ್‌ವೆಲ್ ನೀರಾದರೆ ಬಹುತೇಕ ಅದೇ ಕಾರಣ. ಗಂಧರಾಜಕ್ಕೆ ಸ್ವಲ್ಪ ಹುಳಿ ಗುಣದ ಮಣ್ಣು ಬೇಕು. ಸುಣ್ಣದಂಶ ಇರುವ ಗಡಸು ನೀರು ದಿನಾ ಬಿದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಆಗ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿದರೆ ಗಿಡ ಚೇತರಿಸಿಕೊಳ್ಳುತ್ತದೆ. ತುರ್ತಿಗೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣವನ್ನು ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಕೊಡಿ. ಕೇಪಳದ (ಇಕ್ಸೋರಾ) ಗಿಡಕ್ಕೂ ಇದೇ ಕಾಯಿಲೆ, ಇದೇ ಮದ್ದು.

ಮೊಗ್ಗು ಉದುರುವುದಕ್ಕೆ ಇನ್ನೊಂದು ಕಾರಣ, ಒಂದು ದಿನ ಒಣಗಿಸಿ ಮರುದಿನ ಕೆರೆ ಮಾಡುವುದು. ಮೊಗ್ಗು ಕಂಡ ಮೇಲೆ ಕುಂಡದ ಜಾಗವನ್ನೂ ಬದಲಾಯಿಸಬೇಡಿ.

ನಾವು ಮಂಗಳೂರಿನಲ್ಲಿ ಇದ್ದೇವೆ, ಕಲಬುರಗಿಯಲ್ಲಿ ಇದ್ದೇವೆ, ಮಡಿಕೇರಿಯಲ್ಲಿ ಇದ್ದೇವೆ. ಇದೇ ಪಟ್ಟಿ ಆಗುತ್ತಾ?

ಅರ್ಧ ಆಗುತ್ತೆ.

ಕರಾವಳಿಯಲ್ಲಿ ಹೂ ಬಿಡಿಸುವುದು ಕಷ್ಟವಲ್ಲ, ಜೂನ್ ನಂತರ ಗಿಡ ಉಳಿಸಿಕೊಳ್ಳೋದು ಕಷ್ಟ. ಅಮರಿಲ್ಲಿಸ್ ಗೆಡ್ಡೆಗಳನ್ನು ಮಳೆಗಾಲದಲ್ಲಿ ಸೂರಿನಡಿ ಇಡಿ. ಅಲ್ಲಿ ಗೋಸಂಪಿಗೆ ಅನ್ನುವ ದೇವಕಣಗಿಲೆಯನ್ನು ನೀರು ನಿಲ್ಲದ ಎತ್ತರದ ದಿಬ್ಬದ ಮೇಲೆ ನೆಡಿ. ಕೇಪಳಕ್ಕೆ ಮಾತ್ರ ಅಲ್ಲಿನ ಕೆಂಪು ಮುರಕಲ್ಲು ಮಣ್ಣು ಹೇಳಿ ಮಾಡಿಸಿದ್ದು.

ಕಲಬುರಗಿ, ರಾಯಚೂರು ಕಡೆ ಏಪ್ರಿಲ್–ಮೇನಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬೋಗನ್‌ವಿಲ್ಲಾ, ಕಣಗಿಲೆ, ದೇವಕಣಗಿಲೆ, ದುಂಡುಮಲ್ಲಿಗೆ ಜಗ್ಗುವುದಿಲ್ಲ. ಅಮರಿಲ್ಲಿಸ್‌ಗೆ ಮಧ್ಯಾಹ್ನ ನೆರಳು ಬೇಕು. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಿಂದ ಕುಂಡಕ್ಕೆ ಅದನ್ನೇ ತುಂಬಬೇಡಿ. ಕೆಂಪು ಮಣ್ಣು, ಮರಳು, ಗೊಬ್ಬರ ಬೆರೆಸಿ.

ಮಡಿಕೇರಿ, ಚಿಕ್ಕಮಗಳೂರಿನವರ ಬಗ್ಗೆ ಉಳಿದವರಿಗೆಲ್ಲ ಹೊಟ್ಟೆಕಿಚ್ಚು. ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ ಅಂಗಳವೂ ಎದ್ದುಬಿಡುತ್ತದೆ. ಬೆಂಗಳೂರಿನಲ್ಲಿ ಒದ್ದಾಡಿಸುವ ಹೈಡ್ರೇಂಜಿಯಾ ಅಲ್ಲಿ ಬೇಲಿಯಂತೆ ಬೆಳೆಯುತ್ತದೆ. ಹುಳಿ ಮಣ್ಣಾದ್ದರಿಂದ ಹೂವು ನೀಲಿ.

ಮಲೆನಾಡಿನಿಂದ ಸೀತಾಳೆ ತಂದು ಬೆಳೆಸಬಹುದಾ?

ಕಾಡಿನಿಂದ ಕಿತ್ತು ತರಬೇಡಿ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೂ ವಿರುದ್ಧ. ಮರದಲ್ಲಿ ಅಂಟಿಕೊಂಡಿರುವ ಗಿಡವನ್ನು ಎಬ್ಬಿಸಿದರೆ ಬೇರು ಹರಿದು, ಪೇಟೆಯ ಒಣ ಗಾಳಿಗೆ ಹೆಚ್ಚಿನವು ಒಂದೆರಡು ವರ್ಷದಲ್ಲಿ ಸಾಯುತ್ತವೆ. ನರ್ಸರಿಯಲ್ಲಿ ಬೆಳೆಸಿದ್ದೇ ಸಿಗುತ್ತದೆ, ಅದನ್ನು ಕೊಳ್ಳಿ. ಸೀತಾಳೆ ದಂಡೆಯನ್ನು ಮಣ್ಣಿಗೆ ಹಾಕಬಾರದು. ಒರಟು ತೊಗಟೆಯ ಮರಕ್ಕೋ, ತೆಂಗಿನ ಸಿಪ್ಪೆ ಕಟ್ಟಿದ ಹಲಗೆಗೋ ಬಿಗಿದು, ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಮೇ–ಜೂನ್‌ನಲ್ಲಿ ನರಿಬಾಲದಂಥ ಗೊಂಚಲು ಬಿಡುತ್ತದೆ.

ಮಕ್ಕಳು, ನಾಯಿ ಇರುವ ಮನೆ. ಯಾವುದು ವಿಷ?

ಕಣಗಿಲೆ. ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ಅಪಾಯ. ಅಂಬೆಗಾಲಿಡುವ ಮಗು ಇದ್ದರೆ ಈಗ ನೆಡಬೇಡಿ. ಬ್ರನ್‌ಫೆಲ್ಸಿಯಾ ನಾಯಿಗಳಿಗೆ ತೀರಾ ಕೆಟ್ಟದ್ದು. ಅಮರಿಲ್ಲಿಸ್, ಫುಟ್‌ಬಾಲ್ ಲಿಲ್ಲಿ, ರೈನ್ ಲಿಲ್ಲಿಯ ಗೆಡ್ಡೆಗಳೂ ವಿಷವೇ. ಈರುಳ್ಳಿಯಂತೆ ಕಾಣುವುದರಿಂದ ಬಿಡಿಸಿದ ಗೆಡ್ಡೆಗಳನ್ನು ಅಡುಗೆಮನೆಯ ಹತ್ತಿರ ಇಡಲೇಬೇಡಿ. ದೇವಕಣಗಿಲೆಯ ಹಾಲು ಚರ್ಮಕ್ಕೆ ಉರಿ ತರುತ್ತದೆ. ಮಲ್ಲಿಗೆಗೆ ಚಿಂತೆ ಇಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗ್ತೇವೆ. ಹೂ ಬಿಡುವ ಹೊತ್ತಿಗೇ ಮನೆ ಖಾಲಿ!

ಗಿಡ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಅಲ್ವಾ? ಏಪ್ರಿಲ್–ಮೇನಲ್ಲಿ ಎರಡು ವಾರಕ್ಕಿಂತ ಜಾಸ್ತಿ ಮನೆ ಬೀಗ ಹಾಕುವವರು ಗಂಧರಾಜ, ಹೈಡ್ರೇಂಜಿಯಾ ತರಬೇಡಿ. ದೇವಕಣಗಿಲೆ, ಬೋಗನ್‌ವಿಲ್ಲಾ, ನೆಲದಲ್ಲಿ ಬೇರೂರಿದ ಪೆಟ್ರಿಯಾ ತಡೆದುಕೊಳ್ಳುತ್ತವೆ. ಅಮರಿಲ್ಲಿಸ್ ನೀವು ಹೊರಡುವ ಮೊದಲೇ ಹೂ ಮುಗಿಸಿರುತ್ತದೆ.

ಕುಂಡದ ಮಲ್ಲಿಗೆ ಇದ್ದರೆ ಎಲ್ಲ ಕುಂಡಗಳನ್ನೂ ನೆರಳಿನ ಒಂದೇ ಮೂಲೆಯಲ್ಲಿ ಒತ್ತಾಗಿ ಜೋಡಿಸಿ, ಮಣ್ಣಿನ ಮೇಲೆ ಒಣ ಎಲೆಯೋ ತೆಂಗಿನ ನಾರೋ ದಪ್ಪಗೆ ಹೊದಿಸಿ. ಮೂರು ದಿನಕ್ಕೊಮ್ಮೆ ನೀರು ಹಾಕೋಕೆ ಒಬ್ಬರನ್ನು ಒಪ್ಪಿಸಿ. ಹೂವೆಲ್ಲ ಅವರಿಗೇ ಅಂತ ಹೇಳಿದರೆ ಸುಲಭವಾಗಿ ಒಪ್ಪುತ್ತಾರೆ.

ಟ್ಯೂಲಿಪ್, ಡ್ಯಾಫಡಿಲ್ ಗೆಡ್ಡೆ ಆನ್‌ಲೈನ್‌ನಲ್ಲಿ ಸಿಗುತ್ತೆ. ತರಿಸಲಾ?

ವರ್ಷವರ್ಷ ಬರಬೇಕು ಅಂತಿದ್ದರೆ ಬೇಡ. ಟ್ಯೂಲಿಪ್ ಗೆಡ್ಡೆಗೆ ಹೂ ಬಿಡುವ ಮುಂಚೆ ಹನ್ನೆರಡು ವಾರಕ್ಕೂ ಹೆಚ್ಚು ಗಟ್ಟಿ ಚಳಿ ಬೇಕು. ಶ್ರೀನಗರದಲ್ಲಿ ಅದು ತಾನಾಗಿಯೇ ಸಿಗುತ್ತದೆ. ನಮ್ಮಲ್ಲಿ ಫ್ರಿಜ್ಜಿನಲ್ಲಿಟ್ಟು ಒಂದು ವರ್ಷ ಹೂ ಬಿಡಿಸಬಹುದು. ಹಾಗೆ ಇಡುವಾಗ ಪಕ್ಕದಲ್ಲಿ ಹಣ್ಣು ಇರಬಾರದು, ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತುಹೋಗುತ್ತದೆ. ಮರುವರ್ಷಕ್ಕೆ ಆ ಗೆಡ್ಡೆಯಿಂದ ಏನೂ ಸಿಗುವುದಿಲ್ಲ. ಅಷ್ಟೇ ದುಡ್ಡಿಗೆ ಅಮರಿಲ್ಲಿಸ್ ತನ್ನಿ.

ನಾವು ಇಂಗ್ಲೆಂಡಿನಲ್ಲಿದ್ದೇವೆ. ನಮಗೆ?

ನಿಮಗೆ ಲೆಕ್ಕ ತಿರುವುಮುರುವು. ಡ್ಯಾಫಡಿಲ್ ಗೆಡ್ಡೆ ಸೆಪ್ಟೆಂಬರ್‌ನಲ್ಲಿ ನೆಟ್ಟುಬಿಡಿ, ವರ್ಷವರ್ಷ ಬರುತ್ತದೆ. ಹೂವು ಮುಗಿದ ಮೇಲೆ ಆರು ವಾರವಾದರೂ ಎಲೆ ಕತ್ತರಿಸಬೇಡಿ. ದುಂಡುಮಲ್ಲಿಗೆ ಬೇಕೇಬೇಕು ಅಂದರೆ ಕುಂಡದಲ್ಲೇ ಇರಲಿ. ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ಒಳಗೆ, ದಕ್ಷಿಣದ ಕಿಟಕಿಗೆ ತನ್ನಿ. ಹೂವು ನಿಮಗೆ ಏಪ್ರಿಲ್‌ನಲ್ಲಲ್ಲ, ಜೂನ್–ಜುಲೈನಲ್ಲಿ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ತೂತು ಬಿದ್ದು ಉದುರುತ್ತಿದೆ. ಔಷಧಿ ಹೊಡೀಬೇಕಾ?

ಮಲ್ಲಿಗೆಯ ಮೊಗ್ಗು ಕೊರೆಯುವ ಹುಳ. ನಾಲ್ಕಾರು ಕುಂಡಕ್ಕೆ ವಿಷ ಬೇಡ. ಕೆಟ್ಟ ಮೊಗ್ಗುಗಳನ್ನು ದಿನಾ ಆರಿಸಿ ಮನೆಯಿಂದಾಚೆ ಹಾಕಿ, ಬುಡದ ಮಣ್ಣು ಕೆದಕಿ, ಬೇವಿನ ಹಿಂಡಿ ಬೆರೆಸಿ. ಸಂಜೆ ಹೊತ್ತು ಬೇವಿನೆಣ್ಣೆಗೆ ಸೋಪಿನ ನೀರು ಕಲಸಿ ಸಿಂಪಡಿಸಿ. ಎಲೆಯ ಕೆಳಗೆ ಜೇಡರ ಬಲೆಯಂತೆ ಕಂಡರೆ ಅದು ನುಸಿ. ಬೇಸಿಗೆಯ ಒಣ ಹವೆಗೆ ಬರುತ್ತದೆ, ಎಲೆಯ ಅಡಿಗೆ ನೀರು ರಭಸವಾಗಿ ಹೊಡೆದರೆ ಬಹುಪಾಲು ಹೋಗುತ್ತದೆ.

ಗಿಡ ಕೊಳ್ಳೋಕೆ, ನೆಡೋಕೆ ಒಳ್ಳೆ ಸಮಯ ಯಾವುದು?

ಕೊಳ್ಳುವ ಸಮಯ ಬೇರೆ, ನೆಡುವ ಸಮಯ ಬೇರೆ. ಬಣ್ಣ, ಪರಿಮಳ ನೋಡಿ ಆರಿಸಬೇಕು ಅಂದರೆ ಮಾರ್ಚ್‌ನಲ್ಲಿ ಹೂವಿರುವಾಗ ಕೊಳ್ಳಿ. ಆದರೆ ಆಗಲೇ ಕುಂಡ ಬದಲಾಯಿಸಬೇಡಿ. ತಂದ ಚೀಲದಲ್ಲೇ ಅರೆನೆರಳಲ್ಲಿಟ್ಟು, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಲಕ್ಕೋ ದೊಡ್ಡ ಕುಂಡಕ್ಕೋ ಇಳಿಸಿ. ಮಲ್ಲಿಗೆಗೆ 12ರಿಂದ 14 ಇಂಚಿನ ಕುಂಡ ಸಾಕು. ಗೆಡ್ಡೆಗಳನ್ನು ಮಾತ್ರ ಡಿಸೆಂಬರ್–ಜನವರಿಯಲ್ಲಿ, ಅವು ಮಲಗಿರುವಾಗಲೇ ತನ್ನಿ. ಒತ್ತಿ ನೋಡಿದರೆ ಗಟ್ಟಿಯಾಗಿರಬೇಕು. ದೇವಕಣಗಿಲೆಗೆ ದುಡ್ಡು ಕೊಡೋದೇ ಬೇಡ: ಫೆಬ್ರವರಿಯಲ್ಲಿ ಯಾರದ್ದಾದರೂ ಮರದಿಂದ ಒಂದಡಿಯ ಕೊಂಬೆ ಕೇಳಿ ತಂದು, ಹಾಲು ಆರುವವರೆಗೆ ಒಂದು ವಾರ ನೆರಳಲ್ಲಿ ಒಣಗಿಸಿ, ಮರಳು ಜಾಸ್ತಿ ಇರುವ ಮಣ್ಣಿಗೆ ಊರಿ. ಎಲೆ ಬರುವ ತನಕ ನೀರು ತುಂಬಾ ಕಮ್ಮಿ.